ಸಂಸ್ಕೃತಿಯನ್ನು ದೂರುವ ಮೊದಲು ಗಡಿಯಾರ ನೋಡಿ

ಬೇರೆ ಬೇರೆ ದೇಶಗಳ ವಿದ್ಯಾರ್ಥಿಗಳನ್ನು ಆನ್‌ಲೈನ್‌ನಲ್ಲಿ ಒಂದೇ ತಂಡಕ್ಕೆ ಸೇರಿಸಿ, ಒಂದು ನಿಜವಾದ ವ್ಯಾಪಾರ ಸಮಸ್ಯೆಯನ್ನು ಬಿಡಿಸಲು ಹಚ್ಚಿ, ಆ ಮೂಲಕ ಅಂತರರಾಷ್ಟ್ರೀಯ ವ್ಯವಹಾರವನ್ನು ಕಲಿಸುವ ಕ್ರಮದ ಬಗ್ಗೆ ಈ ಅಂಕಣದಲ್ಲಿ ಬರೆದ ಮೇಲೆ ಅಧ್ಯಾಪಕರಿಂದಲೂ ವಿದ್ಯಾರ್ಥಿಗಳಿಂದಲೂ ಪತ್ರಗಳು ಬಂದಿವೆ. ಆರು ಪತ್ರಗಳನ್ನು ಇಲ್ಲಿ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಮ್ಮದು ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ಬಿ.ಕಾಂ. ಕೊನೆಯ ವರ್ಷಕ್ಕೆ ಅಂತರರಾಷ್ಟ್ರೀಯ ವ್ಯವಹಾರ ಪಾಠ ಮಾಡುತ್ತೇನೆ. ರಫ್ತು ದಾಖಲೆ, ಲೆಟರ್ ಆಫ್ ಕ್ರೆಡಿಟ್ ಎಲ್ಲವನ್ನೂ ಬೋರ್ಡಿನ ಮೇಲೆ ಬರೆಯುತ್ತೇನೆ, ಮಕ್ಕಳು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ. ಹೊರದೇಶದ ವಿದ್ಯಾರ್ಥಿಗಳ ಜೊತೆ ಕೆಲಸ ಮಾಡಿಸುವುದು ನಮ್ಮಂಥ ಕಾಲೇಜಿಗೆ ಆಗುವ ಮಾತೇ? — ವಾಣಿಜ್ಯ ಉಪನ್ಯಾಸಕಿ, ಹಾವೇರಿ

ಉತ್ತರ: ಖಂಡಿತ ಆಗುವ ಮಾತು. ಇದಕ್ಕೆ ಎರಡು ದಾರಿಗಳಿವೆ. ಮೊದಲನೆಯದು ದೊಡ್ಡ ಯೋಜನೆಯೊಂದಕ್ಕೆ ಸೇರಿಕೊಳ್ಳುವುದು. ಅಮೆರಿಕದ ಗ್ರೀನ್ಸ್‌ಬರೋದಲ್ಲಿರುವ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವಾಸ್ ತರಾಸ್ 2010ರಲ್ಲಿ ಆರಂಭಿಸಿದ ಎಕ್ಸ್-ಕಲ್ಚರ್ ಎಂಬ ಯೋಜನೆಯಲ್ಲಿ ಹಲವು ದೇಶಗಳ ವಿದ್ಯಾರ್ಥಿಗಳನ್ನು ಬೆರೆಸಿ ಸಣ್ಣ ಸಣ್ಣ ತಂಡ ಮಾಡುತ್ತಾರೆ. ಆ ತಂಡ ಕೆಲವು ವಾರಗಳ ಕಾಲ ಒಂದು ನಿಜವಾದ ಕಂಪನಿಯ ವಿದೇಶಿ ಮಾರುಕಟ್ಟೆಯ ಪ್ರಶ್ನೆಯನ್ನು ಹಿಡಿದು ವರದಿ ಬರೆಯುತ್ತದೆ. ಎರಡನೆಯದು, ಇಬ್ಬರು ಅಧ್ಯಾಪಕರು ಕೈಜೋಡಿಸಿ ತಮ್ಮ ತಮ್ಮ ತರಗತಿಗಳನ್ನು ಜೊತೆಗೂಡಿಸುವುದು. ಕೋಯಿಲ್ ಎಂದು ಹೆಸರಾದ ಈ ಪದ್ಧತಿಗೆ ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯ 2006ರಲ್ಲಿ ಒಂದು ಕೇಂದ್ರವನ್ನೇ ತೆರೆಯಿತು. ಮೊದಲ ಸಲಕ್ಕೆ ನಾನು ನಿಮಗೆ ಎರಡನೆಯ ದಾರಿಯನ್ನೇ ಹೇಳುತ್ತೇನೆ, ಏಕೆಂದರೆ ಅದಕ್ಕೆ ಬೇಕಾದದ್ದು ನಂಬಿಕೆಗೆ ಅರ್ಹರಾದ ಒಬ್ಬ ಅಧ್ಯಾಪಕರು, ಒಂದು ಒಳ್ಳೆಯ ಪ್ರಶ್ನೆ, ಆರು ವಾರಗಳ ಸಮಯ ಇಷ್ಟೇ. ಹೊರದೇಶಗಳಲ್ಲಿ ಪಾಠ ಮಾಡುವ ಕನ್ನಡಿಗರು ಕಡಿಮೆಯೇನಿಲ್ಲ. ನಿಮ್ಮದೇ ಹಳೆಯ ವಿದ್ಯಾರ್ಥಿಗಳಲ್ಲಿ ವಿಚಾರಿಸಿದರೂ ಒಂದು ಎಳೆ ಸಿಕ್ಕೀತು.

ಒಳ್ಳೆಯ ಪ್ರಶ್ನೆಯಂತೂ ನಿಮ್ಮ ಜಿಲ್ಲೆಯಲ್ಲೇ ಇದೆ. ಬ್ಯಾಡಗಿ ಮೆಣಸಿನಕಾಯಿ ಹೆಸರು ಮಾಡಿರುವುದು ಖಾರಕ್ಕಿಂತ ಬಣ್ಣಕ್ಕೆ ಎಂಬುದು ನಿಮ್ಮ ಮಕ್ಕಳಿಗೆ ಹುಟ್ಟಿನಿಂದ ಗೊತ್ತು. ಅದರಿಂದ ತೆಗೆಯುವ ಓಲಿಯೋರೆಸಿನ್ ಎಂಬ ಗಾಢ ಸಾರ ಆಹಾರಕ್ಕೂ ಪ್ರಸಾಧನ ಸಾಮಗ್ರಿಗೂ ಬಣ್ಣ ಕೊಡುತ್ತದೆ. ಆದರೆ ಇದನ್ನು ಸ್ಪೇನಿನ ಅಥವಾ ಪೋಲೆಂಡಿನ ವಿದ್ಯಾರ್ಥಿಗೆ ವಿವರಿಸಲು ಹೊರಟಾಗ ಕಥೆ ಬೇರೆಯಾಗುತ್ತದೆ. ‘ಚೆನ್ನಾಗಿ ಕೆಂಪಗಿರುತ್ತದೆ’ ಎಂದರೆ ಆ ಕಡೆಯವರು ‘ಆಸ್ಟಾ ಮಾನದಲ್ಲಿ ಎಷ್ಟು?’ ಎಂದು ಕೇಳುತ್ತಾರೆ, ಏಕೆಂದರೆ ಮೆಣಸಿನಕಾಯಿಯ ಬಣ್ಣವನ್ನು ವ್ಯಾಪಾರದಲ್ಲಿ ಅಳೆಯುವುದು ಆ ಮಾನದಲ್ಲಿ. ‘ಒಳ್ಳೆಯ ಮಾಲು’ ಎಂದರೆ ಅಫ್ಲಟಾಕ್ಸಿನ್ ಎಂಬ ವಿಷದ ಪರೀಕ್ಷೆಯ ವರದಿ ಎಲ್ಲಿ ಎನ್ನುತ್ತಾರೆ. ಐರೋಪ್ಯ ಒಕ್ಕೂಟದಲ್ಲಿ ಒಣಮೆಣಸಿನಕಾಯಿಗೆ ಪ್ರತಿ ಕಿಲೋಗೆ ಬಿ1 ಬಗೆಯ ಅಫ್ಲಟಾಕ್ಸಿನ್ 5 ಮೈಕ್ರೊಗ್ರಾಂ, ಎಲ್ಲ ಬಗೆ ಸೇರಿ 10 ಮೈಕ್ರೊಗ್ರಾಂ ದಾಟುವಂತಿಲ್ಲ. ಒಣಗಿಸುವ ಕಣದಲ್ಲಿ ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ, ಬೂಷ್ಟು ಹಿಡಿದರೆ ಆ ವಿಷ ಹುಟ್ಟುತ್ತದೆ. ಅಪ್ಪನ ಕಣದಲ್ಲಿ ಮೆಣಸಿನಕಾಯಿ ಹರವಿದ ಹುಡುಗಿಯೊಬ್ಬಳು ಈ ಸರಪಳಿಯನ್ನು ತಾನೇ ಕಂಡುಕೊಂಡು ಇನ್ನೊಂದು ದೇಶದ ಹುಡುಗನಿಗೆ ತಿಳಿಸಿ ಹೇಳಿದಳೆಂದರೆ, ನಿಮ್ಮ ಪಠ್ಯದ ಒಂದು ಇಡೀ ಘಟಕ ಅಲ್ಲಿಗೆ ಮುಗಿದಂತೆ.

ಪ್ರಶ್ನೆ: ನಾನು ಎಂಬಿಎ ವಿದ್ಯಾರ್ಥಿ. ಜರ್ಮನಿ, ಬ್ರೆಜಿಲ್, ಚೀನಾದ ವಿದ್ಯಾರ್ಥಿಗಳಿರುವ ತಂಡದಲ್ಲಿದ್ದೇನೆ. ಚನ್ನಪಟ್ಟಣದ ಗೊಂಬೆಗಳನ್ನು ಜರ್ಮನಿಯಲ್ಲಿ ಮಾರುವುದು ಹೇಗೆ ಎಂಬುದು ನಮ್ಮ ವಿಷಯ. ಪ್ರತಿ ಸೋಮವಾರ ಸಂಜೆ 6.30ಕ್ಕೆ ಸಭೆ. ಮಾರ್ಚ್ 30ರ ಸೋಮವಾರ ಸರಿಯಾದ ಸಮಯಕ್ಕೆ ಲಾಗಿನ್ ಆದೆ, ಬ್ರೆಜಿಲ್‌ನವನನ್ನು ಬಿಟ್ಟರೆ ಯಾರೂ ಇರಲಿಲ್ಲ. ಆಮೇಲೆ ಜರ್ಮನಿಯವಳು ‘ನೀನೂ ಬ್ರೆಜಿಲ್‌ನವನೂ ಬರಲಿಲ್ಲ, ನಾವು ತೀರ್ಮಾನ ಮಾಡಿದ್ದೇವೆ, ಬೆಲೆಯ ಭಾಗ ಗುರುವಾರದೊಳಗೆ ಕಳುಹಿಸು’ ಎಂದು ಬರೆದಳು. ಗೊಂಬೆಗಳ ಬಗ್ಗೆ ನಾನು ಬರೆದದ್ದಕ್ಕೂ ‘ಇದು ತಪ್ಪು’ ಎಂಬ ಎರಡೇ ಪದದ ಉತ್ತರ. ಚೀನಾದವನಂತೂ ವಾಟ್ಸ್‌ಆ್ಯಪ್‌ಗೆ ಉತ್ತರವನ್ನೇ ಕೊಡುವುದಿಲ್ಲ. ಭಾರತದವನೆಂದು ನನ್ನನ್ನು ಕೀಳಾಗಿ ಕಾಣುತ್ತಿದ್ದಾರೆಯೇ? ತಂಡ ಬಿಟ್ಟುಬಿಡಲೇ? — ವಿದ್ಯಾರ್ಥಿ, ತುಮಕೂರು

ಉತ್ತರ: ಬಿಡಬೇಡಿ. ನಿಮಗೆ ನೋವಾಗಿರುವುದು ಪತ್ರದ ಸಾಲುಸಾಲಿನಲ್ಲಿ ಕಾಣುತ್ತದೆ, ಅದನ್ನು ಹಗುರವಾಗಿ ನೋಡುವವನು ನಾನಲ್ಲ. ಆದರೆ ನೀವು ಕೊಟ್ಟಿರುವ ದಿನಾಂಕವನ್ನು ಓದಿದ ಕೂಡಲೇ ನನಗೆ ಅರ್ಧ ಉತ್ತರ ಸಿಕ್ಕಿತು.

ಯುರೋಪಿನ ದೇಶಗಳು ಮಾರ್ಚ್ ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತವೆ. ನಿಮ್ಮ ಸಭೆ ಜರ್ಮನಿಯ ಲೆಕ್ಕದಲ್ಲಿ ಮಧ್ಯಾಹ್ನ 2 ಗಂಟೆಗೆ ನಿಗದಿಯಾಗಿತ್ತು. ಚಳಿಗಾಲದಲ್ಲಿ ನಮಗೂ ಅವರಿಗೂ ನಾಲ್ಕೂವರೆ ಗಂಟೆಯ ಅಂತರ, ಹಾಗಾಗಿ ನಿಮಗೆ 6.30. ಮಾರ್ಚ್ 29ರ ಭಾನುವಾರ ಆ ಅಂತರ ಮೂರೂವರೆ ಗಂಟೆಗೆ ಇಳಿಯಿತು, ಮರುದಿನದ 2 ಗಂಟೆಯ ಸಭೆ ನಿಮಗೆ 5.30ಕ್ಕೇ ಬಂತು. ನೀವು ಬಾಗಿಲು ತಟ್ಟುವ ಹೊತ್ತಿಗೆ ಅವರು ಮುಗಿಸಿ ಎದ್ದಿದ್ದರು. ಬ್ರೆಜಿಲ್ 2019ರಲ್ಲೇ ಗಡಿಯಾರ ತಿರುಗಿಸುವುದನ್ನು ಕೈಬಿಟ್ಟಿದೆ. ಸಾವೊ ಪೌಲೊದ ಹುಡುಗ ಎಂದಿನಂತೆ ಬೆಳಿಗ್ಗೆ 10ಕ್ಕೆ ಬಂದ, ಆದರೆ ಅವನಿಗೂ ಸಭೆ 9ಕ್ಕೇ ಶುರುವಾಗಿತ್ತು. ಚೀನಾದಲ್ಲೂ ಗಡಿಯಾರ ಬದಲಾಗುವುದಿಲ್ಲ. ಆ ವಿದ್ಯಾರ್ಥಿ ಆ ದಿನ ಬಂದಿದ್ದಾನೆಂದರೆ ಹೊಸ ಸಮಯವನ್ನು ಮೊದಲೇ ನೋಡಿಕೊಂಡಿರಬೇಕು. ಈಗ ಜರ್ಮನಿಯವಳ ಜಾಗದಲ್ಲಿ ಕೂತು ಯೋಚಿಸಿ. ಅವಳ ಫೋನಿನ ಗಡಿಯಾರ ತಾನಾಗಿಯೇ ಬದಲಾಗಿದೆ, ಏನೂ ಆಗಿಲ್ಲವೆಂಬಂತೆ 2 ಗಂಟೆಗೆ ಬಂದಿದ್ದಾಳೆ, ಭಾರತದವನೂ ಬ್ರೆಜಿಲ್‌ನವನೂ ನಾಪತ್ತೆ. ‘ಆ ದೇಶಗಳವರಿಗೆ ಸಮಯದ ಬೆಲೆ ಗೊತ್ತಿಲ್ಲ’ ಎಂದು ಅವಳೂ ತನ್ನ ಅಧ್ಯಾಪಕರಿಗೆ ದೂರು ಬರೆದಿರಬಹುದು. ಎರಡು ಕಡೆಯೂ ಸಂಸ್ಕೃತಿಯನ್ನು ದೂರುತ್ತಿದ್ದೀರಿ, ತಪ್ಪು ಮಾತ್ರ ಗಡಿಯಾರದ್ದು.

ಚೀನಾದ ಸಹಪಾಠಿಯ ಮೌನಕ್ಕೂ ಇಂಥದೇ ಕಾರಣವಿದೆ. ಚೀನಾದಲ್ಲಿ ವಾಟ್ಸ್‌ಆ್ಯಪ್‌ಗೆ ತಡೆಯಿದೆ, ಗೂಗಲ್‌ನ ಸೇವೆಗಳಿಗೂ ತಡೆಯಿದೆ. ಅವನು ದಿನವಿಡೀ ಬಳಸುವ ವೀಚಾಟನ್ನು ನಮ್ಮ ಸರ್ಕಾರ 2020ರ ಜೂನ್‌ನಲ್ಲಿ ಬೇರೆ 58 ಆ್ಯಪ್‌ಗಳ ಜೊತೆ ನಿಷೇಧಿಸಿದೆ. ನೀವು ಕೂಗುವ ಬಾಗಿಲು ಅವನಿಗಿಲ್ಲ, ಅವನು ಕೂಗುವ ಬಾಗಿಲು ನಿಮಗಿಲ್ಲ. ಅವನಿಗೆ ಇವತ್ತೇ ಒಂದು ಇ-ಮೇಲ್ ಬರೆಯಿರಿ, ನಾಳೆಯೊಳಗೆ ಉತ್ತರ ಬಂದರೆ ನನಗೆ ಆಶ್ಚರ್ಯವಾಗದು.

ಇನ್ನು ‘ಇದು ತಪ್ಪು’ ಎಂಬ ಮಾತು. ಇಲ್ಲಿ ಸಂಸ್ಕೃತಿಯ ಪಾಲು ನಿಜವಾಗಿಯೂ ಇದೆ. ನಾವು ತಪ್ಪನ್ನು ತೋರಿಸುವ ಮೊದಲು ‘ಚೆನ್ನಾಗಿ ಬಂದಿದೆ, ಆದರೆ...’ ಎಂದು ಮೆತ್ತೆ ಹಾಸುತ್ತೇವೆ. ಜರ್ಮನಿಯಲ್ಲಿ ಓದಿ ಬೆಳೆದ ಅನೇಕರು ಕೆಲಸದ ಮಾತಿಗೆ ಆ ಮೆತ್ತೆ ಬೇಡವೆಂದುಕೊಳ್ಳುತ್ತಾರೆ; ತಪ್ಪನ್ನು ನೇರವಾಗಿ ಹೇಳುವುದು ನಿಮ್ಮ ಸಮಯಕ್ಕೆ ಕೊಡುವ ಗೌರವ ಎಂಬ ಭಾವ ಅವರದು. ಆದರೆ ಅವಳ ಧಾಟಿಯನ್ನು ಒರೆಗೆ ಹಚ್ಚುವ ಮುಂಚೆ, ಅವಳ ಮಾತು ಸರಿಯೇ ಎಂದು ನೋಡಿಕೊಳ್ಳಬೇಕು. ನೀವು ಪತ್ರದ ಜೊತೆ ಕಳುಹಿಸಿದ ಪ್ಯಾರಾದಲ್ಲಿ ‘ಚನ್ನಪಟ್ಟಣದ ಗೊಂಬೆಗಳಿಗೆ ಪ್ರಮಾಣೀಕರಣದಿಂದ ವಿನಾಯಿತಿ ಇದೆ’ ಎಂದು ಬರೆದಿದ್ದೀರಿ. ಭಾರತದಲ್ಲಿ ಅದು ನಿಜ. 2021ರ ಜನವರಿ 1ರಿಂದ ಆಟಿಕೆಗಳಿಗೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಗುರುತು ಕಡ್ಡಾಯವಾದಾಗ ಭೌಗೋಳಿಕ ಸೂಚಕ (ಜಿಐ) ನೋಂದಣಿಯಾದ ಆಟಿಕೆಗಳನ್ನೂ ನೋಂದಾಯಿತ ಕುಶಲಕರ್ಮಿಗಳು ಮಾಡಿ ಮಾರುವ ಆಟಿಕೆಗಳನ್ನೂ ಅದರಿಂದ ಹೊರಗಿಟ್ಟರು. ಆದರೆ ಆ ವಿನಾಯಿತಿ ನಮ್ಮ ಗಡಿಯಲ್ಲೇ ಮುಗಿಯುತ್ತದೆ. ಜರ್ಮನಿಯ ಅಂಗಡಿಯಲ್ಲಿ ಇಡಬೇಕಾದರೆ ಅದೇ ಗೊಂಬೆಗೆ ಐರೋಪ್ಯ ಒಕ್ಕೂಟದ ನಿಯಮಗಳಿಗೆ ಹೊಂದುತ್ತದೆ ಎಂದು ಸಾರುವ ಸಿಇ ಗುರುತು ಬೇಕು, ಇಎನ್ 71 ಎಂಬ ಸುರಕ್ಷತಾ ಮಾನದಂಡಗಳನ್ನು ಮುಟ್ಟಬೇಕು, ಅರಗಿನ ಬಣ್ಣದಿಂದ ಯಾವ ಲೋಹ ಎಷ್ಟು ಬಿಡುತ್ತದೆ ಎಂಬ ಪರೀಕ್ಷೆ ಆಗಬೇಕು, ಮೂರು ವರ್ಷದೊಳಗಿನ ಮಗುವಿನ ಆಟಿಕೆಯಾದರೆ ಬಾಯೊಳಗೆ ಹೋಗುವಂಥ ಸಣ್ಣ ಬಿಡಿಭಾಗ ಇರಕೂಡದು. ಆಲೆಮರವನ್ನು ಕಡೆದು, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ತಾಳೆಗರಿಯಿಂದ ಉಜ್ಜಿ ಹೊಳಪು ತರುವ ನಮ್ಮ ಕುಶಲಕರ್ಮಿಗಳ ಕೆಲಸಕ್ಕೆ ಈ ಪರೀಕ್ಷೆಗಳನ್ನು ದಾಟುವ ಯೋಗ್ಯತೆ ಇದೆ ಎಂದು ನಾನು ನಂಬುತ್ತೇನೆ, ಆದರೆ ನಂಬಿಕೆಯನ್ನು ಕಸ್ಟಮ್ಸ್‌ನವರು ಕಾಗದವೆಂದು ಒಪ್ಪುವುದಿಲ್ಲ. ಅವಳು ಬರೆದದ್ದು ಎರಡೇ ಪದ, ಎರಡೂ ಸರಿ. ಅದಕ್ಕೆ ಕಾರಣವನ್ನು ಕೂಡಿಸದೆ ಬಿಟ್ಟದ್ದು ಮಾತ್ರ ಅವಳ ಲೋಪ.

ನಿಮ್ಮ ಕಡೆಯ ಅಭ್ಯಾಸವನ್ನೂ ಒಮ್ಮೆ ನೋಡಿಕೊಳ್ಳಿ. ಗುರುವಾರದೊಳಗೆ ಕಳುಹಿಸು ಎಂದದ್ದಕ್ಕೆ ‘ಪ್ರಯತ್ನಿಸುತ್ತೇನೆ’ ಎಂದು ಉತ್ತರಿಸಿದ್ದಾಗಿ ಬರೆದಿದ್ದೀರಿ. ನಮ್ಮಲ್ಲಿ ‘ನೋಡೋಣ’, ‘ಪ್ರಯತ್ನಿಸುತ್ತೇನೆ’ ಎಂದರೆ ಬಹಳ ಸಲ ‘ಆಗುವುದಿಲ್ಲ’ ಎಂದೇ ಅರ್ಥ, ಕೇಳುವವರೂ ಹಾಗೆಯೇ ತಿಳಿಯುತ್ತಾರೆ. ಅವಳು ಅದನ್ನು ‘ಬರುತ್ತದೆ’ ಎಂದು ಓದಿಕೊಂಡಿದ್ದಾಳೆ. ಈಗ ಹೀಗೆ ಬರೆಯಿರಿ: ‘ಭಾನುವಾರ ನಿಮ್ಮ ಗಡಿಯಾರ ಬದಲಾದದ್ದು ನಮ್ಮಿಬ್ಬರ ಗಮನಕ್ಕೆ ಬರಲಿಲ್ಲ, ಹಾಗಾಗಿ ಸಭೆ ತಪ್ಪಿತು. ಇನ್ನು ಮುಂದೆ ಸಮಯವನ್ನು ಎಲ್ಲ ದೇಶಕ್ಕೂ ಒಂದೇ ಆಗಿರುವ ಯುಟಿಸಿ ಲೆಕ್ಕದಲ್ಲಿ ಬರೆಯೋಣ. ಬೆಲೆಯ ಭಾಗ ಗುರುವಾರಕ್ಕೆ ಆಗದು, ಶನಿವಾರ ಸಂಜೆ ಕಳುಹಿಸುತ್ತೇನೆ. ವಿನಾಯಿತಿಯ ವಿಷಯದಲ್ಲಿ ನೀನು ಹೇಳಿದ್ದು ಸರಿ, ತಿದ್ದುತ್ತೇನೆ.’ ಇದರಲ್ಲಿ ಕ್ಷಮೆಯ ಗೋಗರೆತವೂ ಇಲ್ಲ, ಬಿರುಸೂ ಇಲ್ಲ. ಇಂಥ ನಾಲ್ಕು ಸಾಲು ಬರೆಯಲು ಕಲಿತವರು ಎರಡು ವರ್ಷದ ಕೋರ್ಸಿನ ದುಡ್ಡನ್ನು ದುಡಿದುಕೊಂಡಂತೆಯೇ.

ಪ್ರಶ್ನೆ: ತಂಡದ ಕೆಲಸ ಆರಂಭಿಸುವ ಮೊದಲು ಹಾಫ್‌ಸ್ಟೆಡ್ ಅವರು ಸಂಸ್ಕೃತಿಗಳನ್ನು ಅಳೆದು ಕೊಟ್ಟ ದೇಶವಾರು ಅಂಕಗಳನ್ನು ವಿದ್ಯಾರ್ಥಿಗಳಿಗೆ ಕಲಿಸುವುದು ಒಳ್ಳೆಯದೇ? — ಸಂಶೋಧನಾ ವಿದ್ಯಾರ್ಥಿನಿ, ಮೈಸೂರು

ಉತ್ತರ: ನಾನು ಮೊದಲು ಕಲಿಸುತ್ತಿದ್ದೆ, ಈಗ ಕೊನೆಯಲ್ಲಿ ಕಲಿಸುತ್ತೇನೆ. ಗೀರ್ಟ್ ಹಾಫ್‌ಸ್ಟೆಡ್ ಅವರ ಕೆಲಸ ದೊಡ್ಡದು. 1960ರ ದಶಕದ ಕೊನೆಯಿಂದ 70ರ ದಶಕದ ಆರಂಭದವರೆಗೆ ಐಬಿಎಂ ಉದ್ಯೋಗಿಗಳಿಂದ ತುಂಬಿಸಿದ ಒಂದು ಲಕ್ಷಕ್ಕೂ ಹೆಚ್ಚು ಪ್ರಶ್ನಾವಳಿಗಳು ಅದರ ಬುನಾದಿ. ಅಧಿಕಾರದ ಅಂತರದಲ್ಲಿ, ಅಂದರೆ ಮೇಲು-ಕೀಳಿನ ಅಧಿಕಾರವನ್ನು ಜನ ಎಷ್ಟು ಸಹಜವೆಂದು ಒಪ್ಪುತ್ತಾರೆ ಎಂಬ ಅಳತೆಯಲ್ಲಿ, ಭಾರತಕ್ಕೆ 77, ಜರ್ಮನಿಗೆ 35 ಎಂದು ಹೇಳಿದರೆ ತರಗತಿ ಕೂಡಲೇ ಬರೆದುಕೊಳ್ಳುತ್ತದೆ. ತೊಂದರೆ ಶುರುವಾಗುವುದೂ ಅಲ್ಲಿಯೇ. ಆ ಸಂಖ್ಯೆ ಒಂದು ದೇಶದ ಸರಾಸರಿ, ಅದೂ ಒಂದು ಕಂಪನಿಯ ನೌಕರರ ಸರಾಸರಿ. ತಂಡದಲ್ಲಿ ಎದುರಾಗುವ ಹುಡುಗಿ ಸರಾಸರಿಯಲ್ಲ. ಅವಳ ಅಪ್ಪ ಅಮ್ಮ ಟರ್ಕಿಯಿಂದ ಬಂದವರಿರಬಹುದು, ಅವಳು ರಾತ್ರಿ ಬೇಕರಿಯಲ್ಲಿ ಕೆಲಸ ಮಾಡಿ ಬಂದು ಕೂತಿರಬಹುದು. ಸಂಖ್ಯೆಯನ್ನು ಮೊದಲು ಕೈಗೆ ಕೊಟ್ಟರೆ ವಿದ್ಯಾರ್ಥಿ ಆಮೇಲೆ ನಡೆದದ್ದಕ್ಕೆಲ್ಲ ಅದನ್ನೇ ಕಾರಣವಾಗಿ ಹಚ್ಚುತ್ತಾನೆ. ತುಮಕೂರಿನ ವಿದ್ಯಾರ್ಥಿಯ ತಂಡದಲ್ಲಿ ಆದದ್ದನ್ನು ಮೇಲೆ ನೋಡಿದಿರಿ: ಅಲ್ಲಿ ಯಾವ ಅಂಕಪಟ್ಟಿಯೂ ಮಾರ್ಚ್ 29ರ ಗಡಿಯಾರವನ್ನು ತೋರಿಸುತ್ತಿರಲಿಲ್ಲ.

ಹಾಗಾಗಿ ಈಗ ಆರಂಭದಲ್ಲಿ ಒಂದೇ ಕೆಲಸ ಕೊಡುತ್ತೇನೆ. ಪ್ರತಿ ತಪ್ಪು ತಿಳಿವಳಿಕೆಯನ್ನೂ ನೋಟ್‌ಬುಕ್‌ನಲ್ಲಿ ದಿನಾಂಕ ಹಾಕಿ ಬರೆಯಬೇಕು, ಪಕ್ಕದಲ್ಲಿ ಗಡಿಯಾರ, ರಜೆ, ಸಾಧನ, ಅಂಕ, ಭಾಷೆ, ಇವು ಯಾವುದೂ ಕಾರಣವಲ್ಲವೆಂದು ಖಾತ್ರಿಯಾದ ಮೇಲೆ ಮಾತ್ರ ಸಂಸ್ಕೃತಿ ಎಂದು ಗುರುತಿಸಬೇಕು. ಸೆಮಿಸ್ಟರ್ ಕೊನೆಗೆ ಸಂಸ್ಕೃತಿಯ ಖಾನೆಯಲ್ಲಿ ಉಳಿಯುವ ಟಿಪ್ಪಣಿಗಳು ಕೆಲವೇ, ಆದರೆ ಅವು ಗಟ್ಟಿಯಾಗಿರುತ್ತವೆ. ಆಗ ಹಾಫ್‌ಸ್ಟೆಡ್ ಅವರನ್ನು ತೆರೆದರೆ ವಿದ್ಯಾರ್ಥಿಗಳು ವಾದ ಮಾಡುತ್ತಾರೆ, ಬರೆದುಕೊಳ್ಳುವುದಿಲ್ಲ.

ಪ್ರಶ್ನೆ: ತಂಡದಲ್ಲಿ ಇಬ್ಬರು ದುಡಿಯುತ್ತಾರೆ, ನಾಲ್ವರು ಹೆಸರು ಹಾಕಿಸಿಕೊಳ್ಳುತ್ತಾರೆ. ಅಂಕ ಕೊಡುವುದು ಹೇಗೆ? — ಸಹ ಪ್ರಾಧ್ಯಾಪಕ, ಮಂಗಳೂರು

ಉತ್ತರ: ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್ಮನ್ ಜನರಿಂದ ಹಗ್ಗ ಎಳೆಸಿ ಬಲವನ್ನು ಅಳೆದ ಪ್ರಯೋಗವನ್ನು 1913ರಲ್ಲಿ ಪ್ರಕಟಿಸಿದರು. ಕೈಗಳು ಹೆಚ್ಚಿದಷ್ಟೂ ಒಬ್ಬೊಬ್ಬರ ಪಾಲಿನ ಎಳೆತ ಕಡಿಮೆಯಾಗುತ್ತ ಹೋಯಿತು. ಇದನ್ನು ಸೋಮಾರಿತನದ ಪುರಾವೆ ಎಂದು ಹೇಳುವುದು ರೂಢಿ, ಆದರೆ ರಿಂಗೆಲ್ಮನ್ ಅವರೇ ಹೆಚ್ಚಿನ ದೋಷವನ್ನು ಹೊಂದಾಣಿಕೆಯ ಕೊರತೆಗೆ ಹೊರಿಸಿದ್ದರು: ಎಲ್ಲರೂ ಒಂದೇ ಕ್ಷಣದಲ್ಲಿ ಎಳೆಯುವುದಿಲ್ಲ. ಆನ್‌ಲೈನ್ ತಂಡದಲ್ಲಿ ಇವೆರಡೂ ಇರುತ್ತವೆ, ಎರಡಕ್ಕೂ ಮದ್ದು ಬೇರೆ.

ಹೊಂದಾಣಿಕೆಯ ಕೊರತೆಗೆ ಮದ್ದು ಮೊದಲ ವಾರದ ಒಪ್ಪಂದ. ಯಾರು ಯಾವ ಗಂಟೆಯಲ್ಲಿ ಸಿಗುತ್ತಾರೆ, ಯಾರ ಪರೀಕ್ಷೆ ಯಾವಾಗ, ಯಾರಿಗೆ ವಾರದ ರಜೆ ಯಾವ ದಿನ (ಈಜಿಪ್ಟಿನಲ್ಲಿ ಶುಕ್ರವಾರ ಮತ್ತು ಶನಿವಾರ) ಎಂಬುದೆಲ್ಲ ಒಂದು ಪುಟದಲ್ಲಿರಬೇಕು. ಸಂಖ್ಯೆ ಬರೆಯುವ ರೀತಿಯನ್ನೂ ಅಲ್ಲೇ ತೀರ್ಮಾನಿಸಿ. ನಾವು 1,50,000 ಎಂದು ಬರೆಯುತ್ತೇವೆ, ಅಮೆರಿಕದವರು 150,000 ಎನ್ನುತ್ತಾರೆ, ಜರ್ಮನಿಯಲ್ಲಿ ಅಲ್ಪವಿರಾಮವೇ ದಶಮಾಂಶದ ಚುಕ್ಕೆ. 03/04 ಎಂಬ ದಿನಾಂಕ ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ನನ್ನದೇ ತರಗತಿಯ ಒಂದು ತಂಡ ಈ ಕಾರಣಕ್ಕೆ ವರದಿ ಸಲ್ಲಿಸುವ ದಿನವನ್ನೇ ತಪ್ಪಿಸಿಕೊಂಡಿತು, ಆ ಪುಟವನ್ನು ಬರೆಸದಿದ್ದವನು ನಾನು.

ಇದಕ್ಕೂ ಮುಖ್ಯವಾದದ್ದು ಆ ಕಡೆಯ ಕಾಲೇಜಿನಲ್ಲಿ ಈ ಕೆಲಸಕ್ಕೆ ಎಷ್ಟು ಅಂಕ ಎಂಬುದು. ನಿಮ್ಮಲ್ಲಿ 40, ಅಲ್ಲಿ 5 ಆಗಿದ್ದರೆ ಅಲ್ಲಿಯ ವಿದ್ಯಾರ್ಥಿ ಐದು ಅಂಕದಷ್ಟೇ ದುಡಿಯುತ್ತಾನೆ. ಅದನ್ನು ಸೋಮಾರಿತನವೆನ್ನುವುದು ಅನ್ಯಾಯ. ಅಧ್ಯಾಪಕರಿಬ್ಬರೂ ಇದನ್ನು ಮೊದಲೇ ಮಾತಾಡಿ ಸರಿದೂಗಿಸಬೇಕು.

ನಿಜವಾಗಿ ಜಾರಿಕೊಳ್ಳುವವರಿಗೆ ಮದ್ದು ವಾರವಾರದ ಪರಸ್ಪರ ಮೌಲ್ಯಮಾಪನ. ಕೊನೆಯಲ್ಲಿ ಒಮ್ಮೆ ಕೇಳಿದರೆ ದಾಕ್ಷಿಣ್ಯಕ್ಕೆ ಎಲ್ಲರಿಗೂ ಪೂರ್ಣ ಅಂಕ ಬರುತ್ತದೆ, ನಮ್ಮ ಹುಡುಗರಲ್ಲಂತೂ ಇದು ಹೆಚ್ಚು. ವಾರಕ್ಕೊಮ್ಮೆ, ಗುಟ್ಟಾಗಿ, ‘ಈ ವಾರ ಇವರು ಏನು ಕೊಟ್ಟರು?’ ಎಂದು ವಸ್ತುನಿಷ್ಠವಾಗಿ ಕೇಳಿದರೆ ಸತ್ಯ ಹೊರಬರುತ್ತದೆ. ನಾನು ತಂಡದ ವರದಿಗೆ ಅರ್ಧಕ್ಕಿಂತ ಕಡಿಮೆ ಅಂಕ ಇಟ್ಟು, ಉಳಿದದ್ದನ್ನು ಪರಸ್ಪರ ಮೌಲ್ಯಮಾಪನಕ್ಕೂ ಪ್ರತಿಯೊಬ್ಬರೂ ಬೇರೆಯಾಗಿ ಬರೆಯುವ ದಿನಚರಿಗೂ ಹಂಚುತ್ತೇನೆ. ವರದಿ ಸಾಧಾರಣವಾಗಿದ್ದು ದಿನಚರಿ ಪ್ರಾಮಾಣಿಕವಾಗಿದ್ದ ವಿದ್ಯಾರ್ಥಿಗೆ ಹೆಚ್ಚು ಅಂಕ ಕೊಟ್ಟಿದ್ದೇನೆ, ಮುಂದೆಯೂ ಕೊಡುತ್ತೇನೆ.

ಪ್ರಶ್ನೆ: ಮಗಳನ್ನು ವಿದೇಶಕ್ಕೆ ಕಳುಹಿಸುವ ಶಕ್ತಿ ನಮಗಿಲ್ಲ. ಇದು ಅದಕ್ಕೆ ಸಮವೇ? — ಪೋಷಕರು, ಶಿರಸಿ

ಉತ್ತರ: ಸಮವಲ್ಲ. ಅಲ್ಲಿಯ ಚಳಿ, ಬಾಡಿಗೆ ಮನೆ, ಒಂಟಿತನ, ಬೀದಿಯ ಮಾತು ಯಾವುದೂ ಪರದೆಯ ಮೇಲೆ ಸಿಗುವುದಿಲ್ಲ. ಆದರೆ ನೌಕರಿಗೆ ಸೇರಿದ ಮೇಲೆ ನಿಮ್ಮ ಮಗಳು ವಿದೇಶಿಯರ ಜೊತೆ ಕೆಲಸ ಮಾಡುವುದು ಬಹುಪಾಲು ಪರದೆಯ ಮೂಲಕವೇ, ಬೆಂಗಳೂರಿನ ಸಾವಿರಾರು ಕಚೇರಿಗಳಲ್ಲಿ ಇವತ್ತು ನಡೆಯುತ್ತಿರುವುದೂ ಅದೇ. ಆ ಕೆಲಸಕ್ಕೆ ಇದು ನೇರವಾದ ತಯಾರಿ.

ಪ್ರಶ್ನೆ: ನಾನು ಹನ್ನೆರಡನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಮುಂದಿನ ತಿಂಗಳು ನಮ್ಮ ತಂಡದ ಕೆಲಸ ಶುರುವಾಗುತ್ತದೆ. ಇಂಗ್ಲಿಷ್ ಬರೆಯಬಲ್ಲೆ, ಮಾತಾಡಲು ಭಯ. ಅವರು ನಗುತ್ತಾರೇನೋ ಅನ್ನಿಸುತ್ತದೆ. — ಬಿ.ಕಾಂ. ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ತಂಡದಲ್ಲಿ ಕೊಲಂಬಿಯಾ, ಟರ್ಕಿ, ವಿಯೆಟ್ನಾಂ ವಿದ್ಯಾರ್ಥಿಗಳಿದ್ದಾರೆಂದು ಬರೆದಿದ್ದೀರಿ. ಅವರಲ್ಲಿ ಯಾರಿಗೂ ಇಂಗ್ಲಿಷ್ ಮನೆಮಾತಲ್ಲ, ಅವರೂ ನಿಮ್ಮಷ್ಟೇ ಅಂಜಿ ಕೂತಿರುತ್ತಾರೆ. ಇಂಥ ತಂಡಗಳಲ್ಲಿ ಅರ್ಥವಾಗದೆ ಹೋಗುವುದು ಹೆಚ್ಚಾಗಿ ವೇಗವಾಗಿ, ನುಡಿಗಟ್ಟು ತುಂಬಿಸಿ ಮಾತಾಡುವವರ ಇಂಗ್ಲಿಷ್. ಸಣ್ಣ ವಾಕ್ಯದಲ್ಲಿ ನಿಧಾನವಾಗಿ ಮಾತಾಡುವವರ ಮಾತು ಎಲ್ಲರಿಗೂ ತಲುಪುತ್ತದೆ. ಸಭೆಯ ಹಿಂದಿನ ದಿನ ನೀವು ಹೇಳಬೇಕೆಂದಿರುವ ಮೂರು ವಿಷಯಗಳನ್ನು ಬರೆದು ಗುಂಪಿಗೆ ಕಳುಹಿಸಿಬಿಡಿ, ಸಭೆಯಲ್ಲಿ ಅದನ್ನೇ ಓದಿ. ಸಭೆ ಮುಗಿದ ಮೇಲೆ ಯಾರು ಏನು ಮಾಡಬೇಕೆಂಬ ಟಿಪ್ಪಣಿ ಬರೆಯುವ ಕೆಲಸವನ್ನು ಕೇಳಿ ಪಡೆಯಿರಿ. ಬರೆಯುವುದು ನಿಮ್ಮ ಬಲವಾಗಿರುವಾಗ ತಂಡದ ಲೆಕ್ಕಣಿಕೆ ನಿಮ್ಮ ಕೈಗೆ ಬರಲಿ. ಎರಡು ವಾರದಲ್ಲಿ ‘ಅವಳ ಟಿಪ್ಪಣಿ ನೋಡೋಣ’ ಎಂದು ಉಳಿದವರು ಹೇಳತೊಡಗುತ್ತಾರೆ.

ಅರ್ಥವಾಗದಿದ್ದರೆ ತಲೆಯಾಡಿಸಬೇಡಿ. ನಾವು ಮರ್ಯಾದೆಗೆಂದು ತಲೆಯಾಡಿಸುತ್ತೇವೆ, ಅದೂ ಅಡ್ಡಡ್ಡಲಾಗಿ; ಕ್ಯಾಮೆರಾದಲ್ಲಿ ನೋಡುವ ಪರದೇಶದವರಿಗೆ ಅದು ಒಪ್ಪಿಗೆಯೋ ನಿರಾಕರಣೆಯೋ ತಿಳಿಯುವುದಿಲ್ಲ. ‘ಇನ್ನೊಮ್ಮೆ ಹೇಳಿ’ ಎಂದು ಬಾಯಿಬಿಟ್ಟು ಕೇಳಿ.

ಇನ್ನೊಂದು ಸಣ್ಣ ವಿಷಯ. ನೋಂದಣಿ ಅರ್ಜಿಯಲ್ಲಿ ಕೊನೆಯ ಹೆಸರು ಎಂಬ ಖಾನೆಯಲ್ಲಿ ನಮ್ಮ ಮಕ್ಕಳು ಇನಿಷಿಯಲ್ ತುಂಬುತ್ತಾರೆ. ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ಮೂರು ವಾರಗಳ ಕಾಲ ‘ಪ್ರಿಯ ಎಸ್. ಬಿ.’ ಎಂದೇ ಇ-ಮೇಲ್ ಬರುತ್ತಿತ್ತು. ತಿದ್ದಲು ಸಂಕೋಚಪಟ್ಟು ಅವಳು ಸುಮ್ಮನಿದ್ದಳು, ಊರಿನ ಮತ್ತು ಅಪ್ಪನ ಹೆಸರಿನ ಮೊದಲ ಅಕ್ಷರಗಳಿಗೆ ತಾನು ಉತ್ತರ ಕೊಡುತ್ತಿದ್ದೇನೆಂದು ಅವಳಿಗೇ ಬೇಸರವಾಗುತ್ತಿತ್ತು. ಕೊನೆಗೊಂದು ದಿನ ತನ್ನ ಹೆಸರಿನ ಅಕ್ಷರಗಳನ್ನು ಬಿಡಿಸಿ ಹೇಳಿ, ಅದನ್ನು ಉಚ್ಚರಿಸಿದ ಹತ್ತು ಸೆಕೆಂಡಿನ ಧ್ವನಿಮುದ್ರಣವನ್ನು ಗುಂಪಿಗೆ ಕಳುಹಿಸಿದಳು. ಅರ್ಧ ಗಂಟೆಯೊಳಗೆ ಉಳಿದ ಐದೂ ಜನರಿಂದ ಅವರವರ ಹೆಸರಿನ ಧ್ವನಿಮುದ್ರಣಗಳು ಬಂದವು. ಅಲ್ಲಿಯವರೆಗೆ ಅವಳೂ ಅವುಗಳಲ್ಲಿ ನಾಲ್ಕನ್ನು ತಪ್ಪಾಗಿಯೇ ಹೇಳುತ್ತಿದ್ದಳಂತೆ. ನೀವು ಮೂರು ವಾರ ಕಾಯಬೇಡಿ, ಮೊದಲ ದಿನವೇ ಕಳುಹಿಸಿ.